ಮಧ್ಯಾಹ್ನದ ನಲವತ್ತು ನಿಮಿಷ

ಸೋಮವಾರ, ಆಗಸ್ಟ್ 5

ಕೊನೆಗೂ ಯಂತ್ರ ಬಂತು. ಒಂದು ವರ್ಷದಿಂದ ಅರ್ಜಿ ಬರೆದೂ ಬರೆದೂ ಕೈ ಸೋತಿತ್ತು. ಪೆಟ್ಟಿಗೆ ನೋಡಿದರೆ ಟಿವಿ ಹಿಡಿಸುವಷ್ಟು ದೊಡ್ಡದು. ಒಳಗಿದ್ದದ್ದು ಎರಡೇ ವಸ್ತು. ಪಾಠ ಮಾಡುವವರು ಕೊರಳಿಗೆ ಹಾಕಿಕೊಳ್ಳುವ ಹೆಬ್ಬೆರಳುದ್ದದ ಮೈಕು ಒಂದು, ಹುಡುಗಿಯ ಕಿವಿಯ ಯಂತ್ರಕ್ಕೆ ಸಿಕ್ಕಿಸುವ ಕಡಲೆಕಾಳಿನಷ್ಟು ತುಣುಕು ಇನ್ನೊಂದು. ಮೈಕಿನಲ್ಲಿ ಆಡಿದ ಮಾತು ತರಗತಿಯ ಗದ್ದಲವನ್ನೆಲ್ಲ ದಾಟಿ ನೇರವಾಗಿ ಅವಳ ಕಿವಿಗೆ ಹೋಗುತ್ತದೆ. ಪಕ್ಕದ ಕೋಣೆಯಲ್ಲಿ ನಿಂತು ಮಾತಾಡಿದರೂ ಸರಿಯೇ.

ಹುಡುಗಿಗೆ ಹನ್ನೊಂದು ವರ್ಷ, ಆರನೇ ತರಗತಿ. ಕಿವಿಯ ಹಿಂದೆ ಎರಡು ಯಂತ್ರ ಸಿಕ್ಕಿಸಿಕೊಂಡರೂ ಗದ್ದಲದಲ್ಲಿ ಮಾತು ಹಿಡಿಯಲಾಗದೆ ಎದುರಿಗಿದ್ದವರ ತುಟಿಯನ್ನೇ ರೆಪ್ಪೆ ಬಡಿಯದೆ ದಿಟ್ಟಿಸುತ್ತಾಳೆ. ಅದಕ್ಕೇ ನಾನು ಅವಳಿಗೆ ಗೂಬೆಮರಿ ಎಂದು ಹೆಸರಿಟ್ಟಿರುವುದು. ಇದು ನನ್ನೊಳಗಿನ ಹೆಸರು, ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ.

ಹೆಡ್‌ಮಾಸ್ಟರರು ಷರತ್ತು ಹಾಕಿದ್ದಾರೆ. ಸೆಪ್ಟೆಂಬರ್ ಇಪ್ಪತ್ತರಂದು ಸಭೆ. ಅಷ್ಟರೊಳಗೆ ಯಂತ್ರದಿಂದ ಉಪಯೋಗವಾಗುತ್ತಿದೆ ಎಂದು ತೋರಿಸಬೇಕು. ಇಲ್ಲದಿದ್ದರೆ ಯಂತ್ರ ಬೇರೆ ಶಾಲೆಗೆ, ಹುಡುಗಿ ದೂರದ ವಸತಿ ಶಾಲೆಗೆ. ಮನೆಯಲ್ಲಿ ಇರುವವರು ಅವಳು ಮತ್ತು ಅಮ್ಮ, ಇಬ್ಬರೇ. ತಿಂಗಳಿಗೊಮ್ಮೆ ನೋಡಿಕೊಂಡು ಬರಬಹುದಲ್ಲ ಎಂದು ಹೆಡ್‌ಮಾಸ್ಟರರು ಎಷ್ಟು ಸಲೀಸಾಗಿ ಹೇಳಿದರು!

ಸಂಜೆ ಶಿಕ್ಷಕರನ್ನೆಲ್ಲ ಕೂರಿಸಿ ತರಬೇತಿ ಕೊಟ್ಟೆ. ನಿಧಾನವಾಗಿ, ಜೋರಾಗಿ, ಬಿಡಿಸಿ ಬಿಡಿಸಿ ಮಾತಾಡಿ. ಪ್ರತಿ ವಾಕ್ಯದ ಕೊನೆಗೆ ಕೇಳಿಸಿತಾ ಎಂದು ಕೇಳಿ. ಪಾಠ ಮುಗಿದ ಮೇಲೆ ಗುಂಡಿ ಒತ್ತಿ, ದೀಪ ಆರುತ್ತದೆ, ಮೈಕು ನಿಂತಂತೆ. ಪಾಠವಿಲ್ಲದ ಹೊತ್ತಿನಲ್ಲಿ ಮೈಕು ನಡೆಯಬಾರದು, ಅದು ನಿಯಮ. ಕೈಪಿಡಿ ನಲವತ್ತು ಪುಟದ್ದು, ನಾನು ಹತ್ತು ಓದಿದೆ. ಉಳಿದದ್ದು ಎಲ್ಲ ಕೈಪಿಡಿಗಳಲ್ಲೂ ಇರುವಂಥದ್ದೇ: ನೀರಿಗೆ ಹಾಕಬೇಡಿ, ನುಂಗಬೇಡಿ.

ಮನೆಗೆ ಬಂದು ಯಾರಿಗಾದರೂ ಹೇಳೋಣವೆಂದರೆ ಯಾರಿದ್ದಾರೆ?

ಶುಕ್ರವಾರ, ಆಗಸ್ಟ್ 9

ಸ್ಟಾಫ್‌ರೂಮಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಹೋದರೆ ಒಬ್ಬರಲ್ಲ ಒಬ್ಬರು "ತಂಗಿ ಹೇಗಿದ್ದಾರೆ? ಹೊಸ ಸಂಸಾರ ಹೇಗಿದೆ?" ಎಂದು ಕೇಳುತ್ತಾರೆ. ನನಗೇನು ಗೊತ್ತು? ಇಪ್ಪತ್ತೆರಡು ವರ್ಷ ನನ್ನ ಜೊತೆ ಒಂದೇ ಮನೆಯಲ್ಲಿದ್ದು, ನಲವತ್ತೊಂಬತ್ತನೇ ವಯಸ್ಸಿನಲ್ಲಿ, ಅವಳ ಆಫೀಸಿನ ಲಿಫ್ಟ್ ರಿಪೇರಿಗೆ ಬಂದವನನ್ನು ಮದುವೆಯಾಗಿ ಹೋದಳು. ಗುರುವಾರ ಹೇಳಿದಳು, ಭಾನುವಾರ ಹೋದಳು. ಎರಡು ತಿಂಗಳಾಯಿತು. ಅವಳ ಫೋನ್ ನಾನು ಎತ್ತುವುದಿಲ್ಲ.

ಊಟದ ಬಿಡುವಿನಲ್ಲಿ ತರಗತಿಯ ಟೀಚರಿಂದ ಮೈಕು ಇಸಿದುಕೊಂಡು, ಕಳೆದುಹೋಗದಿರಲಿ ಎಂದು ಕೊರಳಿಗೇ ಹಾಕಿಕೊಂಡು, ದೀಪ ಆರಿಸಿ, ನನ್ನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತೇನೆ. ಬಾಗಿಲ ಮೇಲೆ 'ಸಂಪನ್ಮೂಲ ಕೊಠಡಿ' ಎಂದಿದೆ, ಕಿವಿ ಮಂದವಿರುವ ಮಕ್ಕಳಿಗೆ ನಾನು ಮಾತಿನ ಅಭ್ಯಾಸ ಮಾಡಿಸುವ ಕೋಣೆ. ಮೊದಲು ಹಳೆಯ ನಕ್ಷೆಗಳನ್ನು ಸುತ್ತಿಡುತ್ತಿದ್ದ ಜಾಗ ಇದು. ಗೋಡೆಯ ಆಚೆ ಆರನೇ ತರಗತಿ. ಊಟ ಮಾಡುತ್ತ ಪದಗಳ ಚೀಟಿ ಕತ್ತರಿಸುತ್ತೇನೆ, ಒಂದು ಕಡೆ ಚಿತ್ರ, ಇನ್ನೊಂದು ಕಡೆ ಪದ. ಕೈಗೆ ಕೆಲಸ ಕೊಟ್ಟರೂ ಬಾಯಿ ಸುಮ್ಮನಿರುವುದಿಲ್ಲ. ಇವತ್ತು ಎದುರಿನ ಖಾಲಿ ಕುರ್ಚಿಯಲ್ಲಿ ತಂಗಿಯನ್ನು ಕೂರಿಸಿ ಚೆನ್ನಾಗಿ ಬೈದೆ. "ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ ನಿನಗೆ? ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು? ಅವನ ಮೀಸೆ ನೋಡು, ಹಲ್ಲುಜ್ಜೋ ಬ್ರಶ್ಶಿನ ಥರ!" ಅರ್ಧ ಗಂಟೆ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಊಟವೂ ಸೇರಿತು.

ಬುಧವಾರ, ಆಗಸ್ಟ್ 14

ಏನೂ ಇಲ್ಲ. ತಂಗಿಯ ಫೋನ್ ಎರಡು ಸಲ ಬಂತು. ಮಧ್ಯಾಹ್ನ ಅವಳಿಗೆ ಉತ್ತರ ಕೊಟ್ಟೆ, ಕುರ್ಚಿಗೆ.

ಗುರುವಾರ, ಆಗಸ್ಟ್ 22

ಒಳ್ಳೆಯ ಸುದ್ದಿ. ಆರನೇ ತರಗತಿಯ ಟೀಚರ್ ಓಡೋಡಿ ಬಂದರು. ಗೂಬೆಮರಿ ಇವತ್ತು ಪಕ್ಕದ ಹುಡುಗಿ ಮಸಿ ಚೆಲ್ಲಿದ್ದಕ್ಕೆ "ನಿನ್ನ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು?" ಎಂದಳಂತೆ! ಇಲ್ಲಿಯವರೆಗೆ "ನೀರು ಬೇಕು", "ಪುಸ್ತಕ ಕೊಡಿ" ಎಂದು ಎರಡು ಪದದ ಮಾತಾಡುತ್ತಿದ್ದವಳು. ಟೀಚರಿಗೆ ಸಿಟ್ಟೂ ಬಂದಿದೆ, ನಗುವೂ ಬಂದಿದೆ.

"ಎಲ್ಲಿ ಕಲಿತಳು ಇದನ್ನ?"

"ಚೀಟಿಗಳ ಅಭ್ಯಾಸ ಮಾಡಿಸ್ತಿದ್ದೀನಲ್ಲ" ಎಂದೆ. ಚೀಟಿಯಲ್ಲಿ 'ಮೇಯುವುದು' ಎಂಬ ಪದವಿದೆ, ಹಸುವಿನ ಚಿತ್ರದ ಜೊತೆ. ಅಲ್ಲಿಂದ ತಾನೇ ಎತ್ತಿಕೊಂಡು ಹೀಗೆ ಬಳಸಿದ್ದಾಳೆ ಎಂದರೆ ಎಷ್ಟು ಚುರುಕು ಇರಬೇಕು! ಮನೆಗೆ ಬಂದ ಮೇಲೂ ಖುಷಿ ಇಳಿದಿರಲಿಲ್ಲ. ಇನ್ನೂ ಐವತ್ತು ಚೀಟಿ ಮಾಡುತ್ತೇನೆ.

ಶುಕ್ರವಾರ, ಆಗಸ್ಟ್ 30

ಹೆಡ್‌ಮಾಸ್ಟರರು ಆರನೇ ತರಗತಿಯಲ್ಲಿ ನಿಂತುಹೋದ ಗಡಿಯಾರ ಸರಿ ಮಾಡಲು ಸ್ಟೂಲಿನ ಮೇಲೆ ಹತ್ತಿದ್ದರಂತೆ. ಸ್ಟೂಲು ಅಲ್ಲಾಡಿದೆ. ಗೂಬೆಮರಿ ಸೊಂಟದ ಮೇಲೆ ಕೈಯಿಟ್ಟು "ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ ನಿಮಗೆ?" ಎಂದಿದ್ದಾಳೆ. ತರಗತಿಯ ಮೂವತ್ತೆಂಟು ಮಕ್ಕಳೂ ಬಿದ್ದು ಬಿದ್ದು ನಕ್ಕರಂತೆ. ಹೆಡ್‌ಮಾಸ್ಟರರು ಮುಖ ಊದಿಸಿಕೊಂಡು ನನ್ನ ಕೋಣೆಗೆ ಬಂದರು.

"ಯಂತ್ರ ಕೇಳಿಸ್ಕೊಳ್ಳೋಕೆ ತರಿಸಿದ್ದು, ಬೈಯೋಕಲ್ಲ" ಎಂದರು.

ಸರ್, ಭಾಷೆ ಬಂತು ಅಂದ್ರೆ ಎಲ್ಲಾ ಬರುತ್ತೆ ಎಂದೆ. ವಾಕ್ಯ ಎಷ್ಟು ಸರಿಯಾಗಿದೆ ನೋಡಿ ಎಂದೂ ಹೇಳಿದೆ. ಅವರಿಗೆ ಅದು ಹಿಡಿಸಲಿಲ್ಲ. ಸಭೆಗೆ ಈ ಎರಡು ವಾಕ್ಯಗಳನ್ನೂ ಬರೆದಿಟ್ಟುಕೊಂಡಿದ್ದೇನೆ, ದಿನಾಂಕ ಸಮೇತ. ವಯಸ್ಸಿನ ಮಾತನ್ನು ಎಲ್ಲೋ ಕೇಳಿದ ಹಾಗಿದೆ ಅನ್ನಿಸಿತು. ಎಲ್ಲರ ಮನೆಯಲ್ಲೂ ಆಡುವ ಮಾತೇ ಅಲ್ಲವೇ.

ಮಂಗಳವಾರ, ಸೆಪ್ಟೆಂಬರ್ 3

ಹುಡುಗಿಯ ಅಮ್ಮ ಬಂದಿದ್ದಳು. ಬೇಕರಿಯಲ್ಲಿ ಕೆಲಸ, ಬೆಳಿಗ್ಗೆ ನಾಲ್ಕಕ್ಕೆ ಏಳುವವಳು. ಮುಂಗೈ ತುಂಬ ಓವನ್ನಿನ ಬಿಸಿ ತಾಗಿದ ಕಲೆಗಳು. ಕುರ್ಚಿಯ ಅಂಚಿನಲ್ಲಿ ಕೂತು, "ನಿಜ ಹೇಳಿ ಮೇಡಂ, ಕಳಿಸ್ಬಿಡ್ತಾರಾ?" ಎಂದು ಕೇಳಿದಳು.

ನಾನಿರುವವರೆಗೆ ಕಳಿಸಲು ಬಿಡುವುದಿಲ್ಲ ಎಂದೆ. ದೊಡ್ಡ ಮಾತು.

"ಅವಳು ಒಂದು ವಾರ ಅತ್ತೆ ಮನೇಲಿ ಇದ್ದಾಗ ನನಗೆ ಊಟ ಇಳೀಲಿಲ್ಲ. ಮನೆ ಒಳಗೆ ಓಡಾಡೋರು ಒಬ್ರಾದ್ರೂ ಬೇಡ್ವಾ?" ಎಂದಳು. ಹುಡುಗಿಯ ಪ್ರಗತಿ ಪತ್ರ ತೋರಿಸಿ ಕಳಿಸಿದೆ.

ಮಧ್ಯಾಹ್ನ ತಂಗಿಗೆ ಬೈಯಲಿಲ್ಲ. ಬರೀ ಹೇಳಿದೆ. ಅವಳ ಕೋಣೆಯ ಕಿಟಕಿ ತೆಗೆದು ಎಷ್ಟು ದಿನವಾಯಿತು, ನಲ್ಲಿ ಸೋರುತ್ತಿದೆ, ಗೂಬೆಮರಿಗಾಗಿ ಎಷ್ಟು ಚೀಟಿ ಮಾಡಿದೆ, ಎಲ್ಲ.

ಗುರುವಾರ, ಸೆಪ್ಟೆಂಬರ್ 12

ಇವತ್ತು ನನಗೆ ತಲೆ ಎತ್ತಲಾಗುತ್ತಿಲ್ಲ.

ಶ್ರವಣತಜ್ಞೆ ಬಂದಿದ್ದರು, ಸಭೆಗೆ ವರದಿ ತಯಾರಿಸಲು. ಹುಡುಗಿಯ ಕಿವಿಯ ತುಣುಕನ್ನು ಲ್ಯಾಪ್‌ಟಾಪಿಗೆ ಜೋಡಿಸಿದರು. ಅದು ಯಾವ ದಿನ ಯಾವ ಗಂಟೆ ನಡೆಯಿತು, ಯಾವಾಗ ನಿಂತಿತು ಎಂಬುದನ್ನೆಲ್ಲ ತಾನೇ ನೆನಪಿಟ್ಟುಕೊಳ್ಳುತ್ತದಂತೆ. ಇದೂ ಕೈಪಿಡಿಯಲ್ಲಿ ಇತ್ತೇನೋ. ಆಕೆ ತುಂಬ ಹೊತ್ತು ಪರದೆ ನೋಡಿದರು. ಆಮೇಲೆ ಅದನ್ನು ನನ್ನ ಕಡೆ ತಿರುಗಿಸಿದರು.

ಪಾಠದ ಹೊತ್ತಿನಲ್ಲಿ ಹುಡುಗಿ ತುಣುಕನ್ನು ಹಾಕಿಕೊಂಡೇ ಇಲ್ಲ. ಮೊದಲ ಎರಡು ದಿನ ಹಾಕಿಕೊಂಡಿದ್ದಾಳೆ, ಆಮೇಲೆ ಖಾಲಿ. ಆದರೆ ಪ್ರತಿ ದಿನ ಹನ್ನೆರಡು ನಲವತ್ತರಿಂದ ಒಂದು ಇಪ್ಪತ್ತರವರೆಗೆ, ಊಟದ ಬಿಡುವಿನಲ್ಲಿ, ಒಂದು ನಿಮಿಷವೂ ಬಿಡದೆ ನಡೆದಿದೆ.

"ಆ ಹೊತ್ತಲ್ಲಿ ಮೈಕು ಯಾರ ಹತ್ರ ಇರುತ್ತೆ?" ಎಂದರು.

"ನನ್ನ ಹತ್ರ. ಆದ್ರೆ ಆಫ್ ಆಗಿರುತ್ತೆ."

"ಹಾಗಾದ್ರೆ ಯಂತ್ರದ್ದೇ ಏನೋ ದೋಷ ಇರ್ಬೇಕು. ಇಲ್ಲಾಂದ್ರೆ ಈ ಲೆಕ್ಕ ಇಟ್ಕೊಂಡು ಅವಳನ್ನ ಇಲ್ಲಿ ಉಳಿಸೋದು ಕಷ್ಟ. ನಾಳೆ ವಿಚಾರಿಸಿ ನೋಡಿ" ಎಂದು ಎದ್ದರು. ಐನೂರು ಚೀಟಿ ಕತ್ತರಿಸಿದ್ದೇನೆ. ಯಾರಿಗೆ?

ಶುಕ್ರವಾರ, ಸೆಪ್ಟೆಂಬರ್ 13

ಊಟದ ಬಿಡುವಿಗೆ ಆರನೇ ತರಗತಿಗೆ ಹೋದೆ. ಉಳಿದ ಮಕ್ಕಳೆಲ್ಲ ಹೊರಗೆ. ಅವಳೊಬ್ಬಳೇ ನನ್ನ ಕೋಣೆಯ ಕಡೆಯ ಗೋಡೆಗೆ ಬೆನ್ನು ಕೊಟ್ಟು, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಿವಿಯಲ್ಲಿ ತುಣುಕಿತ್ತು.

"ಊಟದ ಹೊತ್ತಲ್ಲಿ ಇದನ್ನ ಯಾಕೆ ಹಾಕ್ಕೊಂಡಿದ್ದೀಯ?" ಎಂದು ಕೇಳಿದೆ.

ಅವಳು ನನ್ನ ತುಟಿಯನ್ನು ನೋಡಿ, ಆಮೇಲೆ ಕಣ್ಣು ನೋಡಿ, "ನಿಮ್ಮ ತಂಗಿ ಇವತ್ತು ಫೋನ್ ಮಾಡಿದ್ರಾ?" ಎಂದಳು.

ಪಕ್ಕದ ಬೆಂಚಿನಲ್ಲಿ ಕೂತೆ. ಮೈಕು ಹಿಡಿದು, ದೀಪ ಆರಿಸುತ್ತೇನಲ್ಲ, ನೋಡು, ಆರಿದೆಯಲ್ಲ ಎಂದೆ.

"ಆರಿದ್ರೂ ಕೇಳ್ಸುತ್ತೆ. ಅದು ಬ್ಯಾಟರಿ ಉಳಿಸೋಕೆ ದೀಪ ಆರೋದು. ಮೈಕು ನಿಲ್ಬೇಕು ಅಂದ್ರೆ ಮೂರು ಸೆಕೆಂಡ್ ಒತ್ತಿ ಹಿಡೀಬೇಕು. ಪುಸ್ತಕದಲ್ಲಿದೆ." ನನ್ನ ಮೇಜಿನ ಮೇಲೆ ಬಿದ್ದಿದ್ದ ಕೈಪಿಡಿಯನ್ನು ನಲವತ್ತು ಪುಟವೂ ಓದಿದ್ದಾಳೆ.

"ಯಾವತ್ತಿನಿಂದ ಕೇಳಿಸ್ಕೊಳ್ತಿದ್ದೀಯ?"

"ಮೀಸೆ ಬ್ರಶ್ಶಿನ ಥರ ಇದೆ ಅಂದ್ರಲ್ಲ, ಅವತ್ತಿಂದ."

"ಹೇಳ್ಬೇಕು ತಾನೇ ನನಗೆ?"

"ಹೇಳಿದ್ರೆ ನೀವು ನಿಲ್ಲಿಸ್ಬಿಡ್ತಿದ್ರಿ."

ಅಷ್ಟು ಉದ್ದ ಅವಳು ನನ್ನ ಹತ್ತಿರ ಮಾತಾಡಿದ್ದೇ ಇಲ್ಲ. ಪಾಠದ ಹೊತ್ತಿನಲ್ಲಿ ಯಾಕೆ ತೆಗೆಯುತ್ತೀಯ ಎಂದು ಕೇಳಿದೆ. ಮೂಗು ಮುರಿದಳು. "ಎಲ್ರೂ ಕಿವಿ ಒಳಗೇ ನಿಂತು ಕೂಗ್ತಾರೆ. ಒಂದೊಂದೇ ಪದ ಕೂಗ್ತಾರೆ. ಕೇಳಿಸ್ತಾ, ಕೇಳಿಸ್ತಾ ಅಂತಾರೆ. ನೀವೂ ನನ್ನ ಹತ್ರ ಹಾಗೇನೇ. ತಂಗಿ ಹತ್ರ ಮಾತ್ರ ಮಾಮೂಲಾಗಿ ಮಾತಾಡ್ತೀರಿ." ಡಬ್ಬಿಯಲ್ಲಿದ್ದ ಬ್ರೆಡ್ಡಿನ ತುಂಡನ್ನು ಎರಡು ಮಾಡಿ ಒಂದನ್ನು ನನ್ನ ಕಡೆ ಹಿಡಿದಳು. "ಬೇರೆಯವರ ಹತ್ರ ಆಡೋ ಮಾತು ನನಗೆ ಯಾವತ್ತೂ ಕೇಳ್ಸಿರ್ಲಿಲ್ಲ. ನನ್ನ ಹತ್ರ ಆಡೋದು ಅಷ್ಟೇ ಕೇಳ್ಸೋದು."

ಹದಿನೆಂಟು ವರ್ಷದಿಂದ ಇಂಥ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದೇನೆ. ಈ ಮಾತು ಒಂದು ದಿನವೂ ನನ್ನ ತಲೆಗೆ ಹೊಳೆದಿರಲಿಲ್ಲ.

ಗಂಟೆ ಹೊಡೆಯಿತು. ಅವಳು ಡಬ್ಬಿ ಮುಚ್ಚುತ್ತ, "ಗೂಬೆಮರಿ ಅಂದ್ರೆ ನಾನೇ ಅಲ್ವಾ?" ಎಂದಳು. ಹೂಂ ಎನ್ನದೆ ಬೇರೆ ದಾರಿಯಿರಲಿಲ್ಲ. "ಚೆನ್ನಾಗಿದೆ" ಎಂದಳು.

ಸೋಮವಾರ, ಸೆಪ್ಟೆಂಬರ್ 16

ಎರಡು ದಿನ ಮನೆಯೊಳಗೆ ಶತಪಥ ತುಳಿದೆ. ಅವಳು ಏನೇನು ಕೇಳಿಸಿಕೊಂಡಿರಬಹುದು ಎಂದು ನೆನಪು ಮಾಡಿಕೊಂಡಷ್ಟೂ ಮೈ ಪರಚಿಕೊಳ್ಳುವಂತಾಗುತ್ತದೆ. ಬೈದದ್ದು ಹಾಗಿರಲಿ. ಬೈದಾದ ಮೇಲೆ ನಾನು ಒಂದೆರಡು ಸಲ ಬೇರೆಯದನ್ನೂ ಹೇಳಿದ್ದೇನೆ. ಬಾರೇ, ಒಂದು ದಿನ ಬಂದು ಹೋಗೇ, ಎಂದಿದ್ದೇನೆ. ಅದನ್ನು ಇಲ್ಲಿಯೂ ಬರೆದಿರಲಿಲ್ಲ.

ಶ್ರವಣತಜ್ಞೆ ಫೋನ್ ಮಾಡಿದ್ದರು. ಯಂತ್ರದ ದೋಷ ಎಂದು ನಾನು ಸಹಿ ಮಾಡಿದರೆ ಅದನ್ನು ರಿಪೇರಿಗೆ ಕಳಿಸುತ್ತಾರೆ, ಸಭೆ ನಾಲ್ಕು ತಿಂಗಳು ಮುಂದಕ್ಕೆ ಹೋಗುತ್ತದೆ. ಯಾರೂ ಏನೂ ಕೇಳುವುದಿಲ್ಲ. ಹುಡುಗಿಯೂ ಉಳಿಯುತ್ತಾಳೆ, ನನ್ನ ಮಾನವೂ ಉಳಿಯುತ್ತದೆ.

ಕಾಗದ ತರಿಸಿಕೊಂಡೆ. ಆಮೇಲೆ ಯೋಚಿಸಿದೆ: ನಾಲ್ಕು ತಿಂಗಳು ಅವಳು ಏನನ್ನು ಕೇಳಿಸಿಕೊಳ್ಳುತ್ತಾಳೆ?

ಬುಧವಾರ, ಸೆಪ್ಟೆಂಬರ್ 18

ಸಹಿ ಮಾಡಿಲ್ಲ. ಹರಿದೂ ಇಲ್ಲ. ಊಟದ ಹೊತ್ತಿನಲ್ಲಿ ಮೂರು ಸೆಕೆಂಡ್ ಒತ್ತಿ ಹಿಡಿದು ಮೈಕು ನಿಲ್ಲಿಸಿದೆ. ಗೋಡೆಯ ಆಚೆ ಬೆಂಚು ಸರಿದ ಸದ್ದಾಯಿತು.

ಶುಕ್ರವಾರ, ಸೆಪ್ಟೆಂಬರ್ 20

ಸಭೆ ಮುಗಿಯಿತು. ಹೆಡ್‌ಮಾಸ್ಟರರು, ಆರನೇ ತರಗತಿಯ ಟೀಚರ್, ಶ್ರವಣತಜ್ಞೆ, ಹುಡುಗಿಯ ಅಮ್ಮ, ನಾನು. ಅಮ್ಮ ಬೇಕರಿಯ ಏಪ್ರನ್ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ನೇರ ಬಂದಿದ್ದಳು.

ಹೆಡ್‌ಮಾಸ್ಟರರು ಲೆಕ್ಕದ ಹಾಳೆ ಮೇಜಿನ ಮೇಲಿಟ್ಟು, "ಪಾಠ ಕೇಳೋಕೆ ಕೊಟ್ಟ ಯಂತ್ರವನ್ನ ಊಟದ ಹೊತ್ತಲ್ಲಿ ಹಾಕ್ಕೊಳ್ತಾಳೆ ಅಂದ್ರೆ ಏನರ್ಥ? ಅವಳಿಗೆ ಇದರ ಅಗತ್ಯ ಇಲ್ಲ ಅಂತ ತಾನೇ?" ಎಂದರು. ಅಮ್ಮ ನನ್ನ ಮುಖ ನೋಡಿದಳು. ಕಾಗದ ನನ್ನ ಪುಸ್ತಕದೊಳಗೇ ಇತ್ತು.

ಎದ್ದು ನಿಂತು ಹೇಳಿದೆ. ಮೈಕು ಆಫ್ ಆಗಿರಲಿಲ್ಲ, ತಪ್ಪು ನನ್ನದು, ಕೈಪಿಡಿ ನಾನು ಪೂರ್ತಿ ಓದಿರಲಿಲ್ಲ. ನಾನು ಆ ಕೋಣೆಯಲ್ಲಿ ಒಬ್ಬಳೇ ಕೂತು ಖಾಲಿ ಕುರ್ಚಿಯ ಹತ್ತಿರ ಮಾತಾಡುತ್ತೇನೆ. ತಂಗಿ ಹೋದ ಮೇಲೆ ಮಾತಾಡಲು ಯಾರೂ ಇಲ್ಲ, ಅದಕ್ಕೆ. ಹುಡುಗಿ ಅದನ್ನು ಕೇಳಿಸಿಕೊಂಡಿದ್ದಾಳೆ, ಅಷ್ಟೂ ದಿನ. ಅವಳು ಕಲಿತ ಮಾತೆಲ್ಲ ಅಲ್ಲಿಂದ ಬಂದದ್ದು, ಚೀಟಿಗಳಿಂದಲ್ಲ. ಪಾಠದ ಹೊತ್ತಿನಲ್ಲಿ ತೆಗೆದಿಡುವುದಕ್ಕೂ ನಾನೇ ಕಾರಣ. ಕೂಗಿ ಮಾತಾಡಿ ಎಂದು ನಿಮಗೆಲ್ಲ ಹೇಳಿಕೊಟ್ಟವಳು ನಾನು.

ಟೀಚರ್ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಹೆಡ್‌ಮಾಸ್ಟರರು, "ಹಾಗಾದ್ರೆ ಆ ವಯಸ್ಸಿನ ಮಾತು ನಿಮ್ದಾ?" ಎಂದರು.

"ನಿಮಗೆ ಹೇಳಿದ್ದಲ್ಲ ಸರ್, ತಂಗಿಗೆ."

ಅವರಿಗೆ ನಗು ತಡೆಯಲಾಗಲಿಲ್ಲ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಆಗ ಅಮ್ಮ ಬಾಯಿಬಿಟ್ಟಳು. "ಮನೇಲೂ ಹಾಗೇ ಸಾರ್. ಈಗೀಗ ನಾನು ಪಕ್ಕದ ಮನೆಯವರ ಜೊತೆ ಮಾತಾಡ್ತಿದ್ರೆ ಓಡಿ ಬಂದು ನಡುವೆ ನಿಂತ್ಕೊಳ್ತಾಳೆ. ಯಾಕೆ ಜಗಳ, ಯಾರು ಏನಂದ್ರು, ಎಲ್ಲಾ ಬೇಕು ಅವಳಿಗೆ. ಮೊದ್ಲು ನಾನು ಅತ್ತರೂ ತಿರುಗಿ ನೋಡ್ತಿರ್ಲಿಲ್ಲ."

ಆಮೇಲೆ ಶ್ರವಣತಜ್ಞೆ ಮಾತಾಡಿದರು. ಯಂತ್ರ ವರ್ಷದ ಕೊನೆಯವರೆಗೆ ಇಲ್ಲೇ ಇರಲಿ, ಶಿಕ್ಷಕರು ಮಾಮೂಲಾಗಿ ಮಾತಾಡಲಿ, ಊಟದ ಬಿಡುವಿನಲ್ಲಿ ಮೈಕನ್ನು ಮಕ್ಕಳ ಕೈಗೇ ಕೊಡಿ, ಅವರು ಒಬ್ಬರಿಂದೊಬ್ಬರಿಗೆ ದಾಟಿಸಿಕೊಂಡು ಮಾತಾಡಲಿ ಎಂದು ಬರೆದರು. ಹೆಡ್‌ಮಾಸ್ಟರರು ಒಪ್ಪಿದರು. ನಿಯಮ ಮೀರಿದ್ದಕ್ಕೆ ನನಗೊಂದು ಎಚ್ಚರಿಕೆ ಪತ್ರ ಬರುತ್ತದೆ. ಬರಲಿ.

ಹೊರಗೆ ಬಂದ ಮೇಲೆ ಅಮ್ಮ ನನ್ನ ಕೈ ಹಿಡಿದುಕೊಂಡು ಅತ್ತಳು. ಗೂಬೆಮರಿ ಉಳಿದಳು. ಇಷ್ಟು ಸಂತೋಷ ನನಗೆ ಆಗಿ ಎಷ್ಟು ವರ್ಷವಾಯಿತೋ.

ಬುಧವಾರ, ಸೆಪ್ಟೆಂಬರ್ 25

ಮಧ್ಯಾಹ್ನ ಕಿಟಕಿಯಿಂದ ನೋಡಿದೆ. ಅಂಗಳದ ಮೆಟ್ಟಿಲ ಮೇಲೆ ಆರೇಳು ಹುಡುಗಿಯರು, ಮಧ್ಯದಲ್ಲಿ ಅವಳು. ಮೈಕು ಕೈಯಿಂದ ಕೈಗೆ ಓಡುತ್ತಿತ್ತು. ಒಬ್ಬಳು ಅದರಲ್ಲಿ ಸೀಟಿ ಹೊಡೆದಳು, ಗೂಬೆಮರಿ ಕಿವಿ ಮುಚ್ಚಿಕೊಂಡು ಅವಳ ಜಡೆ ಎಳೆದಳು. ಇನ್ನಿಬ್ಬರು ಯಾರದೋ ಮೇಲೆ ಚಾಡಿ ಹೇಳುತ್ತಿದ್ದಿರಬೇಕು, ಇವಳು ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ಒಂದು ಸಲವೂ ನನ್ನ ಕಿಟಕಿಯ ಕಡೆ ತಿರುಗಲಿಲ್ಲ. ಹಾಗೇ ಆಗಬೇಕಾದದ್ದು.

ನಾನು ಬಂದು ನನ್ನ ಜಾಗದಲ್ಲಿ ಕೂತೆ. ಕುರ್ಚಿ ಎದುರಿಗೇ ಇತ್ತು. ಬೈಯೋಣವೆಂದು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಯಾರೂ ಕೇಳುತ್ತಿಲ್ಲ ಎಂದುಕೊಂಡೇ ಆರು ವಾರ ಮಾತಾಡಿದವಳು, ಈಗ ನಿಜವಾಗಿ ಯಾರೂ ಕೇಳದಿರುವಾಗ ಒಂದು ಪದ ಆಡಲಾಗಲಿಲ್ಲ. ಅಳು ಬಂತು. ನಲವತ್ತು ನಿಮಿಷ ಎಂದರೆ ಎಷ್ಟು ಉದ್ದ!

ಭಾನುವಾರ, ಸೆಪ್ಟೆಂಬರ್ 29

ಬೆಳಿಗ್ಗೆ ಹತ್ತು ಗಂಟೆಗೆ ತಂಗಿಯ ಫೋನ್ ಬಂತು. ಬಟ್ಟೆ ಒಣಹಾಕುತ್ತಿದ್ದೆ. ಒದ್ದೆ ಕೈಯಲ್ಲೇ ಎತ್ತಿದೆ.

ಅವಳಿಗೆ ಗಾಬರಿಯಾಯಿತು. ಎತ್ತುತ್ತೇನೆ ಎಂದು ಅವಳು ಎಣಿಸಿರಲಿಲ್ಲ. "ಅಕ್ಕಾ... ನಾನು" ಎಂದಳು. ಆಮೇಲೆ ಊಟ ಸರಿಯಾಗಿ ಮಾಡುತ್ತಿದ್ದೀಯಾ, ನಿದ್ದೆ ಬರುತ್ತಾ, ಮೊಣಕಾಲು ಹೇಗಿದೆ ಎಂದು ಒಂದೊಂದನ್ನೇ ಕೇಳಿದಳು. ನಿಧಾನವಾಗಿ, ಜೋರಾಗಿ, ಪದ ಪದ ಬಿಡಿಸಿ. ಕೇಳಿಸ್ತಾ ಇದೆಯಾ ಅಕ್ಕಾ ಎಂದು ನಡುನಡುವೆ. ಎಷ್ಟೊಂದು ಹೆದರಿದ್ದಾಳೆ ನನಗೆ! ನಾನು ಹೂಂ, ಹೂಂ ಎಂದೆ. ಆರು ವಾರದಲ್ಲಿ ಅವಳಿಗೆಂದು ಕೂಡಿಸಿಟ್ಟ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಪ್ರಶ್ನೆಗಳೂ ಮುಗಿದವು.

"ಇಡ್ಲಾ ಹಾಗಾದ್ರೆ?" ಎಂದಳು.

"ಇಡಬೇಡ" ಎಂದೆ. "ಏನು ಮಾಡ್ತಿದ್ದೆ ಈಗ?"

"ಏನಿಲ್ಲ, ಅಡುಗೆಮನೆ ಸರಿ ಮಾಡ್ತಿದ್ವಿ, ಇಬ್ರೂ."

"ಫೋನನ್ನ ಅಲ್ಲೇ ಎಲ್ಲಾದ್ರೂ ಇಟ್ಟು ನೀವು ಕೆಲಸ ಮಾಡ್ಕೊಳ್ಳಿ. ನನ್ನ ಹತ್ರ ಏನೂ ಮಾತಾಡ್ಬೇಡ."

"ಮಾತಾಡ್ದೆ ಮತ್ತೇನು ಮಾಡ್ತೀಯಕ್ಕಾ?"

"ಸುಮ್ನೆ ಇರ್ತೀನಿ. ಇಡು."

ಯಾಕೆ ಹಾಗೆ ಹೇಳಿದೆನೋ ನನಗೇ ತಿಳಿಯಲಿಲ್ಲ. ಅವಳಿಗೂ ಅರ್ಥವಾಗಲಿಲ್ಲ, ಆದರೂ ಇಟ್ಟಳು. ಅಡುಗೆಕಟ್ಟೆಯ ಕಲ್ಲಿನ ಮೇಲೆ ಫೋನ್ ಇಟ್ಟ ಸದ್ದು ಬಂತು. ಮೊದಮೊದಲು ಇಬ್ಬರೂ ಪಿಸುಗುಟ್ಟಿದರು. ಆಮೇಲೆ ಮರೆತರು. ಪಾತ್ರೆಯ ಸದ್ದು, ನಲ್ಲಿಯ ಸದ್ದು. ಅವನು ಯಾವುದೋ ಡಬ್ಬಿಯ ಮುಚ್ಚಳ ಹುಡುಕುತ್ತಿದ್ದ. ಅವಳು, "ನಿನ್ನೆ ನೀವೇ ಎಲ್ಲೋ ಇಟ್ರಿ, ಈಗ ನನ್ನ ಕೇಳ್ತೀರಲ್ಲ" ಎಂದು ರೇಗಿದಳು. ನನ್ನ ಮೇಲೆ ರೇಗುತ್ತಿದ್ದ ಹಾಗೆಯೇ. ನಾನು ಬಕೆಟ್ಟಿನ ಪಕ್ಕ ನೆಲದ ಮೇಲೆ ಕೂತು, ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೆ. ಮುಚ್ಚಳ ಸಿಗಲು ತುಂಬ ಹೊತ್ತು ಹಿಡಿಯಿತು.